ಸಂದರ್ಶನಕ್ಕೆ ಹೊರಡುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇರಳದ ಕಾಸರಗೋಡು ಕಡೆಯವು. ತಮಿಳುನಾಡಿನ ಹೊಸೂರಿನಿಂದ ಒಂದು, ಮಹಾರಾಷ್ಟ್ರದ ಅಕ್ಕಲಕೋಟೆಯಿಂದ ಒಂದು ಬಂದಿದೆ. ಊರು ಬೇರೆಯಾದರೂ ಅಳುಕು ಒಂದೇ. ಓದಿದ್ದು ಕನ್ನಡ ಶಾಲೆಯಲ್ಲಿ, ಕೇಳುವವರು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ತಮಿಳಿನಲ್ಲೋ ಕೇಳುತ್ತಾರೆ, ಗೊತ್ತಿರುವ ಉತ್ತರವೂ ಗಂಟಲಲ್ಲೇ ಉಳಿಯುತ್ತದೆ. ಇದಕ್ಕೆ ಮದ್ದು ಬಾಯಿಪಾಠ ಅಂತ ಬಹಳ ಜನ ನಂಬಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಹೇಳಬೇಕಾದ ಸರಕು ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ, ಆಮೇಲೆ ಅದನ್ನು ಯಾವ ಭಾಷೆಗೂ ಒಯ್ಯಬಹುದು.

ಪ್ರಶ್ನೆ: ಬಿಕಾಂ ಮುಗಿಸಿ ಮಂಗಳೂರಿನಲ್ಲಿ ಮೂರು ಕಡೆ ಅಕೌಂಟ್ಸ್ ಕೆಲಸಕ್ಕೆ ಸಂದರ್ಶನ ಕೊಟ್ಟೆ. ‘ನಿಮ್ಮ ಬಗ್ಗೆ ಹೇಳಿ’ ಎಂಬುದಕ್ಕೆ ಯೂಟ್ಯೂಬ್ ನೋಡಿ ಇಂಗ್ಲಿಷ್ ಉತ್ತರ ಬಾಯಿಪಾಠ ಮಾಡಿಕೊಂಡಿದ್ದೆ. ಮೂರೂ ಸಲ ಮಧ್ಯದಲ್ಲಿ ಮರೆತುಹೋಯಿತು. ಏನು ಮಾಡಲಿ?
— ಬದಿಯಡ್ಕದ ಓದುಗರು

ಬಾಯಿಪಾಠದ ಉತ್ತರದಲ್ಲಿ ಒಂದು ಮಾತು ಇನ್ನೊಂದರ ಬಾಲ ಹಿಡಿದುಕೊಂಡಿರುತ್ತದೆ. ಎದುರಿನವರು ನಡುವೆ ‘ಯಾವ ಕಾಲೇಜು?’ ಅಂತ ಒಂದು ಪ್ರಶ್ನೆ ಹಾಕಿದರೂ ಸಾಕು, ಸರಪಳಿ ಕಡಿದುಹೋಗುತ್ತದೆ. ಮತ್ತೆ ಎಲ್ಲಿಂದ ಹಿಡಿಯಬೇಕೆಂದು ಮನಸ್ಸು ಹುಡುಕುತ್ತಿರುವಾಗಲೇ ನಾಲ್ಕೈದು ಸೆಕೆಂಡು ಮೌನ ಬಿದ್ದಿರುತ್ತದೆ. ಮೂರು ಸಲವೂ ಹಾಗೇ ಆಗಿದೆಯೆಂದರೆ ನಿಮ್ಮ ನೆನಪಿನ ಶಕ್ತಿಯನ್ನು ದೂರಬೇಡಿ, ತಯಾರಿಯ ಕ್ರಮವನ್ನು ಬದಲಾಯಿಸಿ.

ನೋಟ್‌ಬುಕ್ಕಿನ ಅರ್ಧ ಹಾಳೆ ತೆಗೆದುಕೊಂಡು ಕನ್ನಡದಲ್ಲೇ ಬರೆಯಿರಿ. ವಾಕ್ಯ ಬೇಡ, ಪದ ಮತ್ತು ಅಂಕಿ ಮಾತ್ರ. ನಾಲ್ಕು ಸಾಲು ಸಾಕು. ಮೊದಲ ಸಾಲಿನಲ್ಲಿ ಹೆಸರು, ಊರು, ಓದು, ಮುಗಿಸಿದ ವರ್ಷ. ಎರಡನೆಯದರಲ್ಲಿ ಈ ಕೆಲಸಕ್ಕೆ ಬೇಕಾದ ಯಾವುದು ನಿಮಗೆ ಬರುತ್ತದೆ ಎಂಬುದು: ಟ್ಯಾಲಿ ಪ್ರೈಮ್, ಎಕ್ಸೆಲ್, ಜಿಎಸ್‌ಟಿ ಬಿಲ್. ಮೂರನೆಯದು ಎಲ್ಲಕ್ಕಿಂತ ಮುಖ್ಯ: ನಿಮ್ಮ ಕೈಯಿಂದ ಆದ ಒಂದು ಕೆಲಸ, ಅಂಕಿ ಸಮೇತ. ‘ಚಿಕ್ಕಪ್ಪನ ದಿನಸಿ ಅಂಗಡಿ, ಆರು ತಿಂಗಳು, ತಿಂಗಳಿಗೆ 150 ಬಿಲ್, ಸ್ಟಾಕ್ ಲೆಕ್ಕ’ ಎಂದಿದ್ದರೆ ಅದನ್ನೇ ಬರೆಯಿರಿ. ಸಂಬಳದ ಕೆಲಸ ಅಲ್ಲವಲ್ಲ ಎಂದು ಬಿಟ್ಟುಬಿಡುವವರು ಬಹಳ. ಅದೇ ದೊಡ್ಡ ನಷ್ಟ. ನಾಲ್ಕನೆಯದರಲ್ಲಿ ಈ ಸಂಸ್ಥೆಗೆ ಏಕೆ ಬಂದಿರಿ ಎಂಬುದಕ್ಕೆ ಒಂದು ಕಾರಣ.

ಈಗ ಹಾಳೆ ನೋಡುತ್ತ ಕನ್ನಡದಲ್ಲಿ ಜೋರಾಗಿ ಹೇಳಿ. ಐದು ಸಲ ಹೇಳಿ, ಪ್ರತಿ ಸಲವೂ ವಾಕ್ಯ ಬೇರೆಯಾಗಿರಲಿ. ಆಮೇಲೆ ಇಂಗ್ಲಿಷಿನಲ್ಲಿ ಐದು ಸಲ. ಕೊನೆಯ ಎರಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಒಂದು ನಿಮಿಷಕ್ಕೆ ಕಡಿಮೆಯಾದರೆ ಮೂರನೇ ಸಾಲು ಸೊರಗಿದೆ ಎಂದರ್ಥ. ಒಂದೂವರೆ ನಿಮಿಷ ದಾಟಿದರೆ ತಂದೆಯ ಕೆಲಸ, ತಂಗಿಯ ಓದು, ಹವ್ಯಾಸ ಎಲ್ಲ ಒಳಗೆ ಬಂದಿರುತ್ತದೆ. ಖಾಸಗಿ ಕಂಪನಿಯಲ್ಲಿ ಕೇಳದೆ ಮನೆಯ ವಿವರ ಹೇಳಬೇಕಾಗಿಲ್ಲ.

ಇಂಗ್ಲಿಷಿನಲ್ಲಿ ನಮ್ಮ ಕಡೆಯವರು ಎಡವುವ ಮೂರು ಜಾಗ ಇವೆ. ‘ಮೈಸೆಲ್ಫ್’ ಅಂತ ಶುರು ಮಾಡಬೇಡಿ, ‘ಐ ಆಮ್’ ಅನ್ನಿ. ‘ಐ ಆಮ್ ಕಮಿಂಗ್ ಫ್ರಂ ಬದಿಯಡ್ಕ’ ಅಂದರೆ ಈಗ ತಾನೇ ಬದಿಯಡ್ಕದಿಂದ ಬಸ್ಸಿಳಿದು ಬರುತ್ತಿದ್ದೇನೆ ಎಂದಾಗುತ್ತದೆ. ‘ಐ ಆಮ್ ಫ್ರಂ ಬದಿಯಡ್ಕ’ ಸಾಕು. ಮೂರನೆಯದು ಸ್ವಲ್ಪ ಸೂಕ್ಷ್ಮ. ಕನ್ನಡದಲ್ಲಿ ‘2024ರಲ್ಲಿ ಬಿಕಾಂ ಮುಗಿಸಿದ್ದೇನೆ’ ಎಂಬುದು ಸಹಜ ಮಾತು, ಅದನ್ನೇ ಮನಸ್ಸು ‘ಐ ಹ್ಯಾವ್ ಕಂಪ್ಲೀಟೆಡ್ ಇನ್ 2024’ ಅಂತ ತಿರುಗಿಸುತ್ತದೆ. ಇಂಗ್ಲಿಷಿನಲ್ಲಿ ವರ್ಷ ಹೇಳಿದ ಕೂಡಲೇ ‘ಹ್ಯಾವ್’ ಬಿಟ್ಟುಹೋಗಬೇಕು: ‘ಐ ಕಂಪ್ಲೀಟೆಡ್ ಮೈ ಬಿಕಾಂ ಇನ್ 2024’.

ನಡುವೆ ಮರೆತೇಹೋದರೆ? ಹಾಳೆಯ ಮುಂದಿನ ಸಾಲಿಗೆ ಹಾರಿ. ನಾಲ್ಕೇ ಸಾಲು ಇರುವುದರಿಂದ ಯಾವುದಾದರೂ ಒಂದು ನೆನಪಾಗುತ್ತದೆ, ಕ್ರಮ ತಪ್ಪಿದ್ದು ಎದುರಿನವರಿಗೆ ತಿಳಿಯುವುದೂ ಇಲ್ಲ.

ಪ್ರಶ್ನೆ: ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ದಿನಗೂಲಿ ಅಧ್ಯಾಪಿಕೆ ಹುದ್ದೆಗೆ ಸಂದರ್ಶನ ಇದೆ. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಐದು ನಿಮಿಷ ಪಾಠ ಮಾಡಿ ತೋರಿಸಲು ಹೇಳಬಹುದಂತೆ.
— ಮಂಜೇಶ್ವರದ ಓದುಗರು

ಮಲಯಾಳದ ಬಗ್ಗೆ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ, ಆದರೆ ಮಲಯಾಳದಲ್ಲೇ ಹೇಳಿ. ‘ಎನಿಕ್ಕ್ ಮಲಯಾಳಂ ಕೇಟ್ಟಾಲ್ ಮನಸ್ಸಿಲಾಕುಂ, ಸಂಸಾರಿಕ್ಕಾನ್ ಕುರಚ್ಚು ಸಮಯಂ ವೇಣಂ’, ಅಂದರೆ ಕೇಳಿದರೆ ಅರ್ಥವಾಗುತ್ತದೆ, ಮಾತಾಡಲು ಸ್ವಲ್ಪ ಸಮಯ ಬೇಕು. ಇಷ್ಟನ್ನು ಸಲೀಸಾಗಿ ಹೇಳುವಷ್ಟು ಅಭ್ಯಾಸ ಮಾಡಿಕೊಂಡರೆ ಅರ್ಧ ಸಂಶಯ ಅಲ್ಲೇ ಕಳೆಯುತ್ತದೆ. ಕಚೇರಿಯ ಸುತ್ತೋಲೆ ಮಲಯಾಳದಲ್ಲಿ ಬಂದರೆ ಏನು ಮಾಡುತ್ತೀರಿ ಎಂಬುದು ಮುಂದಿನ ಪ್ರಶ್ನೆಯಾಗಬಹುದು. ಓದಿ ನೋಡಿ, ಸಂಶಯವಿದ್ದ ಕಡೆ ಸಹೋದ್ಯೋಗಿಗಳನ್ನು ಕೇಳಿ ಖಚಿತಪಡಿಸಿಕೊಳ್ಳುತ್ತೇನೆ ಎಂದರೆ ಆಯಿತು. ‘ನಿಭಾಯಿಸುತ್ತೇನೆ’ ಎಂಬ ಬರಿ ಮಾತು ಅಲ್ಲಿ ನಿಲ್ಲುವುದಿಲ್ಲ.

ಪಾಠದ ವಿಷಯಕ್ಕೆ ಬರೋಣ. ಐದು ನಿಮಿಷಕ್ಕೆ ಒಂದೇ ಒಂದು ಪರಿಕಲ್ಪನೆ ಹಿಡಿಯಿರಿ. ಅಧ್ಯಾಯ ಪೂರ್ತಿ ಮುಗಿಸಲು ಹೋಗಿ ಗಂಟೆ ಹೊಡೆಯುವಾಗ ಪೀಠಿಕೆಯಲ್ಲೇ ಇರುವವರು ಬಹಳ ಮಂದಿ. ಭಿನ್ನರಾಶಿ ಎಂದುಕೊಳ್ಳಿ. ಒಂದು ಬಿಳಿ ಹಾಳೆ ತೆಗೆದು ಮಕ್ಕಳ ಎದುರೇ ಒಮ್ಮೆ ಮಡಚಿ: ಎರಡು ಸಮ ಪಾಲು, ಒಂದು ಪಾಲು ಅರ್ಧ. ಇನ್ನೊಮ್ಮೆ ಮಡಚಿ ಬಿಡಿಸಿದರೆ ನಾಲ್ಕು ಗೆರೆಮನೆ, ಒಂದು ಮನೆ ಕಾಲು. ಒಂದು ಮನೆಗೆ ಸೀಮೆಸುಣ್ಣದಿಂದ ಬಣ್ಣ ಹಚ್ಚಿ, ಆಮೇಲೆ ಮಾತ್ರ ಹಲಗೆಯ ಮೇಲೆ 1/2, 1/4 ಬರೆಯಿರಿ.

ಕೊನೆಗೆ ‘ಗೊತ್ತಾಯ್ತಾ ಮಕ್ಕಳೇ?’ ಎಂದು ಕೇಳಬೇಡಿ. ಗೊತ್ತಾಗದ ಮಗುವೂ ‘ಹೌದು ಟೀಚರ್’ ಎನ್ನುತ್ತದೆ. ‘ಅರ್ಧ ದೊಡ್ಡದೋ ಕಾಲು ದೊಡ್ಡದೋ?’ ಎಂದು ಕೇಳಿ. ಎರಡಕ್ಕಿಂತ ನಾಲ್ಕು ದೊಡ್ಡದಲ್ಲವೇ ಎಂದುಕೊಂಡ ಮಗು ‘ಕಾಲು’ ಎನ್ನುತ್ತದೆ. ಆಗ ಬೈಯದೆ ಅದೇ ಹಾಳೆಯನ್ನು ಆ ಮಗುವಿನ ಕೈಗೆ ಕೊಟ್ಟು ಅಳೆಯಲು ಹೇಳಿ. ಮಂಡಳಿಯಲ್ಲಿ ಅನುಭವಿ ಅಧ್ಯಾಪಕರು ಯಾರಾದರೂ ಕುಳಿತಿದ್ದರೆ ಅವರು ಕಾಯುತ್ತಿರುವುದು ಈ ಕ್ಷಣಕ್ಕೇ. ಮಕ್ಕಳಿಲ್ಲದೆ ಮಂಡಳಿಯವರ ಮುಂದೆಯೇ ಪಾಠ ಮಾಡಬೇಕಾಗಿ ಬಂದರೂ ಈ ಪ್ರಶ್ನೆಯನ್ನು ಅವರಿಗೇ ಕೇಳಿ.

ಮೂಲ ಪ್ರಮಾಣಪತ್ರಗಳನ್ನು ಎಸ್ಸೆಸ್ಸೆಲ್ಸಿ, ಪ್ಲಸ್ ಟು, ಡಿಎಲ್‌ಎಡ್ (ಪ್ರಾಥಮಿಕ ಅಧ್ಯಾಪಕ ಡಿಪ್ಲೊಮಾ), ಕೆ-ಟೆಟ್ (ಕೇರಳದ ಅಧ್ಯಾಪಕ ಅರ್ಹತಾ ಪರೀಕ್ಷೆ) ಎಂಬ ಕ್ರಮದಲ್ಲಿ ಜೋಡಿಸಿ, ನಕಲು ಪ್ರತಿಯ ಕಟ್ಟು ಬೇರೆ ಇಡಿ. ಕೆ-ಟೆಟ್‌ನಲ್ಲಿ ಎಲ್‌ಪಿಗೆ ಒಂದನೇ ವಿಭಾಗ, ಯುಪಿಗೆ (ಹಿರಿಯ ಪ್ರಾಥಮಿಕ) ಎರಡನೆಯದು, ಹೈಸ್ಕೂಲಿಗೆ ಮೂರನೆಯದು. ನಿಮ್ಮದು ಯಾವುದೆಂದು ಪತ್ರ ತಿರುವದೆ ಹೇಳುವಂತಿರಬೇಕು.

ಪ್ರಶ್ನೆ: ಡಿಪ್ಲೊಮಾ ಮೆಕ್ಯಾನಿಕಲ್ ಆಗಿದೆ. ಸಿಪ್‌ಕಾಟ್‌ನ (ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ) ಕಾರ್ಖಾನೆಯೊಂದರಲ್ಲಿ ಟ್ರೈನಿ ಕೆಲಸಕ್ಕೆ ಕರೆದಿದ್ದಾರೆ. ‘ನಿಮ್ಮ ದೌರ್ಬಲ್ಯ ಏನು’ ಎಂದರೆ ‘ನಾನು ವಿಪರೀತ ಕೆಲಸ ಮಾಡುತ್ತೇನೆ’ ಅನ್ನು ಎಂದು ಗೆಳೆಯರು ಹೇಳಿಕೊಟ್ಟಿದ್ದಾರೆ. ಸರಿಯೇ?
— ಹೊಸೂರಿನ ಓದುಗರು

ಸರಿಯಲ್ಲ. ಆ ಉತ್ತರವನ್ನು ಎದುರಿನವರು ಬೆಳಗಿನಿಂದ ಹತ್ತು ಸಲ ಕೇಳಿರುತ್ತಾರೆ. ನಿಜವಾದ ಒಂದು ಕೊರತೆ ಹೇಳಿ, ಅದನ್ನು ತಿದ್ದಲು ಏನು ಮಾಡುತ್ತಿದ್ದೀರಿ ಎಂಬುದನ್ನು ಅಳತೆಯೊಂದಿಗೆ ಹೇಳಿ. ‘ಥರ್ಡ್ ಆ್ಯಂಗಲ್ ಡ್ರಾಯಿಂಗ್ ಓದುವುದು ನನಗೆ ನಿಧಾನವಿತ್ತು. ಎರಡು ತಿಂಗಳಿನಿಂದ ದಿನಕ್ಕೊಂದು ಡ್ರಾಯಿಂಗ್ ನೋಡಿ ಐಸೊಮೆಟ್ರಿಕ್ ಬಿಡಿಸುತ್ತಿದ್ದೇನೆ. ಮೊದಲು 20 ನಿಮಿಷ ಹಿಡಿಯುತ್ತಿತ್ತು, ಈಗ 8 ನಿಮಿಷ.’ ಹೀಗೆ ಹೇಳಿದ ಮೇಲೆ ಮೇಜಿನ ಮೇಲಿನ ಡ್ರಾಯಿಂಗ್ ನಿಮ್ಮ ಕಡೆ ತಳ್ಳಿ ‘ಓದಿ’ ಎನ್ನಬಹುದು, ಆದ್ದರಿಂದ ನಿಜವಾಗಿ ಮಾಡಿದ್ದನ್ನೇ ಹೇಳಬೇಕು. ಸಿಟ್ಟು, ತಡವಾಗಿ ಏಳುವುದು, ಅಳತೆಯಲ್ಲಿ ಗೊಂದಲ: ಈ ಮೂರು ಕಾರ್ಖಾನೆಯ ಸಂದರ್ಶನದಲ್ಲಿ ಹೇಳುವ ಕೊರತೆಗಳಲ್ಲ. ಅವಿದ್ದರೆ ಮೊದಲು ಮನೆಯಲ್ಲೇ ಸರಿಪಡಿಸಿಕೊಳ್ಳಿ.

ಟ್ರೈನಿ ಸಂದರ್ಶನದಲ್ಲಿ ವರ್ನಿಯರ್ ಕ್ಯಾಲಿಪರ್ ಕೈಗೆ ಕೊಡುವುದು ಹಳೆಯ ಪದ್ಧತಿ. ಹಿಡಿದ ಕೂಡಲೇ ಅಳೆಯಲು ಹೋಗಬೇಡಿ. ಮೊದಲು ದವಡೆಗಳನ್ನು ಒರೆಸಿ ಮುಚ್ಚಿ ಸೊನ್ನೆಗೆ ಸೊನ್ನೆ ಕೂಡುತ್ತದೆಯೇ ನೋಡಿ. ಈ ಒಂದು ಕೆಲಸದಿಂದಲೇ ನೀವು ವರ್ಕ್‌ಶಾಪಿನಲ್ಲಿ ನಿಂತವರು ಎಂದು ಗೊತ್ತಾಗುತ್ತದೆ. ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ) ಕೇಳಿದರೆ ಲೆಕ್ಕ ಸಮೇತ ಹೇಳಿ: ಮುಖ್ಯ ಮಾಪಕದ 49 ಮಿಲಿಮೀಟರನ್ನು ವರ್ನಿಯರ್‌ನಲ್ಲಿ 50 ಭಾಗ ಮಾಡಿದ್ದಾರೆ, ಒಂದು ಭಾಗ 0.98, ವ್ಯತ್ಯಾಸ 0.02 ಮಿಲಿಮೀಟರ್. ಮುಖ್ಯ ಮಾಪಕ 23 ದಾಟಿ, ವರ್ನಿಯರ್‌ನ 17ನೇ ಗೆರೆ ಕೂಡಿದರೆ 23 + 17 × 0.02, ಅಂದರೆ 23.34. ತಪ್ಪುವುದು ಎಲ್ಲಿ ಎಂದರೆ, ವರ್ನಿಯರ್ ಪಟ್ಟಿಯ ಅಂಚನ್ನು ನೋಡಿ ಓದುತ್ತಾರೆ. ನೋಡಬೇಕಾದ್ದು ಅದರ ಸೊನ್ನೆ ಗೆರೆ. ಮೈಕ್ರೊಮೀಟರ್‌ನಲ್ಲಿ ಪಿಚ್ (ಒಂದು ಸುತ್ತಿಗೆ ಸರಿಯುವ ದೂರ) 0.5 ಮಿಲಿಮೀಟರ್, ಸುತ್ತಿನಲ್ಲಿ 50 ಭಾಗ, ಹಾಗಾಗಿ ಲೀಸ್ಟ್ ಕೌಂಟ್ 0.01.

‘ಐದು ವರ್ಷದ ನಂತರ ಎಲ್ಲಿರುತ್ತೀರಿ’ ಎಂಬುದಕ್ಕೆ ಮ್ಯಾನೇಜರ್ ಎನ್ನಬೇಡಿ. ಮೊದಲ ವರ್ಷ ಒಂದು ಮೆಷಿನ್ ಸ್ವತಂತ್ರವಾಗಿ ನಡೆಸುವುದು, ಮೂರನೇ ವರ್ಷಕ್ಕೆ ಸೆಟ್ಟಿಂಗ್ ಮಾಡುವುದು, ಐದಕ್ಕೆ ಒಂದು ಲೈನ್ ನೋಡಿಕೊಳ್ಳುವುದು. ಹೀಗೆ ಮೆಟ್ಟಿಲು ಹೇಳಿ. ಮುಂದಿನ ವರ್ಷ ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಸೇರುವ ಯೋಚನೆ ಇದ್ದರೆ ಈಗಲೇ ನಿರ್ಧರಿಸಿಕೊಳ್ಳಿ. ಅಲ್ಲಿ ಒಂದು ಹೇಳಿ ಆರು ತಿಂಗಳಿಗೆ ಬಿಟ್ಟರೆ ನಿಮ್ಮ ನಂತರ ಅದೇ ಕಾಲೇಜಿನಿಂದ ಹೋಗುವ ಹುಡುಗರಿಗೆ ಬಾಗಿಲು ಬಿಗಿಯಾಗುತ್ತದೆ.

ಪ್ರಶ್ನೆ: ಜೆಡಿಸಿ (ಸಹಕಾರದಲ್ಲಿ ಜೂನಿಯರ್ ಡಿಪ್ಲೊಮಾ) ಆಗಿದೆ. ಸರ್ವಿಸ್ ಸಹಕಾರಿ ಬ್ಯಾಂಕಿನ ಜೂನಿಯರ್ ಕ್ಲಾರ್ಕ್ ಹುದ್ದೆಯ ಲಿಖಿತ ಪರೀಕ್ಷೆ ಮುಗಿದು ಈಗ ಸಂದರ್ಶನ. ಆಡಳಿತ ಮಂಡಳಿಯವರು ಏನೇನು ಕೇಳಬಹುದು, ಹೇಗೆ ಸಿದ್ಧವಾಗಲಿ?
— ಪೆರ್ಲದ ಓದುಗರು

ಪ್ರಶ್ನೆಗಳು ಮೂರು ಕಡೆಯಿಂದ ಬರುತ್ತವೆ: ಸಹಕಾರ ತತ್ವದಿಂದ, ಆ ಬ್ಯಾಂಕಿನಿಂದ, ಕೌಂಟರಿನಿಂದ. ಜೆಡಿಸಿ ಓದಿದವರು ಮೊದಲನೆಯದಕ್ಕೇ ಒಂದು ವಾರ ಕಳೆಯುತ್ತಾರೆ, ಉಳಿದೆರಡಕ್ಕೆ ಒಂದು ಗಂಟೆಯೂ ಕೊಡುವುದಿಲ್ಲ. ಇದನ್ನು ತಿರುಗಿಸಿ.

ತತ್ವಕ್ಕೆ ಒಂದು ಪುಟ ಸಾಕು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 28 ಮಂದಿ ಕೂಡಿ ಕಟ್ಟಿದ ಸಂಘ, ಭಾರತದಲ್ಲಿ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ, ಅದರ ಮರುವರ್ಷ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಂಘ, ಕೇರಳದಲ್ಲಿ 1969ರ ಸಹಕಾರಿ ಸಂಘಗಳ ಕಾಯ್ದೆ, 2019ರ ನವೆಂಬರಿನಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ಸೇರಿ ಆದ ಕೇರಳ ಬ್ಯಾಂಕ್. ಅಡಿಕೆ ಬೆಳೆಯುವ ಊರಾದ್ದರಿಂದ ಕ್ಯಾಂಪ್ಕೊ ಬಗ್ಗೆಯೂ ತಿಳಿದಿರಿ: 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆ, ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯದ ಬೆಳೆಗಾರರ ಸಂಸ್ಥೆ, ಮುಂದಾಳು ವಾರಣಾಸಿ ಸುಬ್ರಾಯ ಭಟ್ಟರು. ‘ಸಹಕಾರಿ ಬ್ಯಾಂಕಿಗೂ ವಾಣಿಜ್ಯ ಬ್ಯಾಂಕಿಗೂ ಏನು ವ್ಯತ್ಯಾಸ’ ಎಂದರೆ ಪುಸ್ತಕದ ಹತ್ತು ಅಂಶ ಬೇಡ. ಕಂಪನಿಯಲ್ಲಿ ಷೇರಿಗೊಂದು ಮತ, ಇಲ್ಲಿ ಷೇರು ಎಷ್ಟೇ ಇರಲಿ ಸದಸ್ಯನಿಗೊಂದು ಮತ. ಇದನ್ನು ಮೊದಲು ಹೇಳಿ, ಉಳಿದದ್ದು ಇದರಿಂದಲೇ ಹುಟ್ಟುತ್ತದೆ.

ಎರಡನೆಯದಕ್ಕೆ ಆ ಬ್ಯಾಂಕಿನ ವಾರ್ಷಿಕ ವರದಿ ಬೇಕು. ಮಹಾಸಭೆಗೆ ಮುಂಚೆ ಸದಸ್ಯರಿಗೆ ಕೊಡುವ ಪುಸ್ತಕ ಅದು. ಊರಿನ ಯಾವುದಾದರೂ ಸದಸ್ಯರ ಮನೆಯಲ್ಲಿ ಸಿಗುತ್ತದೆ. ಸದಸ್ಯರ ಸಂಖ್ಯೆ, ಠೇವಣಿ, ಬಾಕಿ ಇರುವ ಸಾಲ, ಅದರಲ್ಲಿ ಗಡುವು ಮೀರಿದ ಸಾಲ, ಲಾಭಾಂಶ: ಐದು ಅಂಕಿ ಬರೆದುಕೊಳ್ಳಿ, ಹಿಂದಿನ ವರ್ಷದ್ದನ್ನೂ ಪಕ್ಕದಲ್ಲಿ ಬರೆಯಿರಿ. ಠೇವಣಿ ಏರಿದೆಯೋ ಇಳಿದಿದೆಯೋ ಎಂದು ಗೊತ್ತಿರುವ ಅಭ್ಯರ್ಥಿ ಮಂಡಳಿಗೆ ಅಪರೂಪ.

ಮೂರನೆಯದು ಕೌಂಟರಿನ ಸಂದರ್ಭ. ‘ವಯಸ್ಸಾದ ಸದಸ್ಯರು ಹಣ ತೆಗೆಯಲು ಬಂದಿದ್ದಾರೆ, ಸಹಿ ಹೊಂದುತ್ತಿಲ್ಲ, ಏನು ಮಾಡುತ್ತೀರಿ?’ ಇಲ್ಲಿ ಕನಿಕರದಿಂದ ಕೊಟ್ಟುಬಿಡುತ್ತೇನೆ ಎಂದರೂ ತಪ್ಪು, ಆಗುವುದಿಲ್ಲ ಎಂದು ಕಳುಹಿಸುತ್ತೇನೆ ಎಂದರೂ ತಪ್ಪು. ಕೂರಿಸಿ, ಗುರುತಿನ ಚೀಟಿ ನೋಡಿ, ಎದುರಿನಲ್ಲೇ ಮತ್ತೊಮ್ಮೆ ಸಹಿ ಹಾಕಿಸಿ, ಆಗಲೂ ಹೊಂದದಿದ್ದರೆ ಮ್ಯಾನೇಜರರ ಬಳಿ ಕರೆದೊಯ್ದು ಹೊಸ ಮಾದರಿ ಸಹಿ ಪಡೆಯುವ ಕ್ರಮ ಕೇಳುತ್ತೇನೆ. ಮ್ಯಾನೇಜರರ ಒಪ್ಪಿಗೆಯಿಲ್ಲದೆ ಹಣ ಕೊಡುವುದಿಲ್ಲ. ಈ ಕ್ರಮದಲ್ಲಿ ಹೇಳಿ.

ಬಡ್ಡಿ ಲೆಕ್ಕವನ್ನು ಬಾಯಲ್ಲೇ ಕೇಳಬಹುದು. ಒಂದು ಲಕ್ಷ ಸಾಲ, ಶೇಕಡಾ 7, 146 ದಿನ. ವರ್ಷಕ್ಕೆ 7,000, ಅದನ್ನು 146ರಿಂದ ಗುಣಿಸಿ 365ರಿಂದ ಭಾಗಿಸಿದರೆ 2,800. ‘ಸುಮಾರು ಐದು ತಿಂಗಳು’ ಎಂದು ತಿಂಗಳ ಲೆಕ್ಕ ಹಿಡಿದವರು 2,917 ಎನ್ನುತ್ತಾರೆ, ತಪ್ಪುತ್ತಾರೆ. ಬ್ಯಾಂಕಿನಲ್ಲಿ ಲೆಕ್ಕ ದಿನದ್ದು.

ಇನ್ನೊಂದು ಜಾರುವ ಜಾಗವಿದೆ. ‘ಠೇವಣಿಗೆ ಭದ್ರತೆ ಏನು?’ ಎಂದರೆ ‘5 ಲಕ್ಷದವರೆಗೆ ವಿಮೆ’ ಎಂದು ಥಟ್ಟನೆ ಹೇಳಬೇಡಿ. ಡಿಐಸಿಜಿಸಿಯ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮ) ಆ 5 ಲಕ್ಷದ ವಿಮೆ ವಾಣಿಜ್ಯ ಬ್ಯಾಂಕುಗಳಿಗೆ, ರಾಜ್ಯ ಮತ್ತು ನಗರ ಸಹಕಾರಿ ಬ್ಯಾಂಕುಗಳಿಗೆ ಇದೆ. ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ ಇಲ್ಲ. ಕೇರಳದಲ್ಲಿ ಇಂಥ ಸಂಘಗಳಿಗಾಗಿ ರಾಜ್ಯದ್ದೇ ಠೇವಣಿ ಖಾತರಿ ನಿಧಿ ಇದೆ. ಗ್ರಾಹಕರಿಗೆ ತಪ್ಪು ಭರವಸೆ ಕೊಡದವರು ಎಂಬುದು ಈ ಉತ್ತರದಿಂದ ತಿಳಿಯುತ್ತದೆ.

ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದಾಗ ನಾಚಬೇಡಿ. ಪೆರ್ಲದ ಕೌಂಟರಿಗೆ ಬರುವವರಲ್ಲಿ ತುಳು, ಮಲಯಾಳ, ಹವ್ಯಕ, ಮರಾಠಿ, ಬ್ಯಾರಿ ಆಡುವವರೆಲ್ಲ ಇದ್ದಾರೆ. ಮಾತಾಡಲು ಬರುವುದು ಯಾವುದು, ಬರೆಯಲು ಬರುವುದು ಯಾವುದು ಎಂದು ಬೇರೆ ಬೇರೆಯಾಗಿ ಹೇಳಿ. ಮಂಡಳಿಯಲ್ಲಿ ಪರಿಚಯದವರಿದ್ದರೆ ಆ ಪರಿಚಯವನ್ನು ಕೋಣೆಯೊಳಗೆ ತರಬೇಡಿ. ಅದರಿಂದ ಅವರಿಗೂ ಕಷ್ಟ, ನಿಮಗೂ ಕಷ್ಟ.

ಪ್ರಶ್ನೆ: ಬಿಸಿಎ ಮುಗಿದಿದೆ. ಬೆಂಗಳೂರಿನ ಕಂಪನಿಯ ಎಚ್‌ಆರ್ ಎಷ್ಟು ಸಂಬಳ ಬೇಕು ಎಂದಾಗ ‘ನೀವು ಕೊಟ್ಟಷ್ಟು’ ಎಂದೆ. ವರ್ಷಕ್ಕೆ ಮೂರು ಲಕ್ಷ ಎಂದಿದ್ದಾರೆ. ತಿಂಗಳಿಗೆ 25,000 ಕೈಗೆ ಬರುತ್ತದಲ್ಲವೇ?
— ಕುಂಬಳೆಯ ಓದುಗರು

ಬರುವುದಿಲ್ಲ. ಅವರು ಹೇಳಿದ್ದು ಸಿಟಿಸಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಬೀಳುವ ಒಟ್ಟು ಖರ್ಚು. ಮೂಲ ವೇತನ ತಿಂಗಳ 25,000ದ ಅರ್ಧ, 12,500 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇಕಡಾ 12, ಅಂದರೆ 1,500 ರೂಪಾಯಿ. ಗ್ರಾಚ್ಯುಟಿಗೆಂದು ಶೇಕಡಾ 4.81, ಸುಮಾರು 601. ಇವೆರಡು ಮೊದಲೇ ಕಳೆದರೆ ಉಳಿಯುವುದು 22,899. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,500 ಹೋಗುತ್ತದೆ. ಕೈಗೆ 21,399. ವರ್ಷಕ್ಕೊಮ್ಮೆ ಕೊಡುವ ಬೋನಸ್ಸು ಅಥವಾ ವಿಮೆಯ ಕಂತನ್ನೂ ಸಿಟಿಸಿಯೊಳಗೆ ಸೇರಿಸಿದ್ದರೆ ಇನ್ನೂ ಇಳಿಯುತ್ತದೆ. ಆದ್ದರಿಂದ ‘ಇದರಲ್ಲಿ ತಿಂಗಳಿಗೆ ಕೈಗೆ ಬರುವುದೆಷ್ಟು? ವೇರಿಯಬಲ್ (ಸಾಧನೆ ನೋಡಿ ಕೊಡುವ ಭಾಗ) ಎಷ್ಟು? ಬಾಂಡ್ (ಇಷ್ಟು ಕಾಲ ಬಿಡಬಾರದೆಂಬ ಕರಾರು) ಇದೆಯೇ?’ ಈ ಮೂರನ್ನು ವಿನಯದಿಂದ ಕೇಳಿ, ವೇತನ ವಿವರವನ್ನು ಇಮೇಲ್‌ನಲ್ಲಿ ಪಡೆಯಿರಿ.

‘ನೀವು ಕೊಟ್ಟಷ್ಟು’ ಎಂಬುದು ನಮ್ಮ ಕಡೆಯ ಮರ್ಯಾದೆಯ ಮಾತು. ಎಚ್‌ಆರ್ ಕಿವಿಗೆ ಅದು ‘ವಿಚಾರಿಸಿಕೊಂಡು ಬಂದಿಲ್ಲ’ ಎಂದು ಕೇಳುತ್ತದೆ. ಮುಂದಿನ ಸಲ ಹೋಗುವ ಮೊದಲು ಖರ್ಚು ಬರೆಯಿರಿ: ಪಿಜಿ ಬಾಡಿಗೆ, ಊಟ, ಬಸ್ ಪಾಸ್, ತಿಂಗಳಿಗೊಮ್ಮೆ ಊರಿಗೆ ಬರುವ ರೈಲು, ಮನೆಗೆ ಕಳಿಸುವ ಹಣ. ಅದು ನಿಮ್ಮ ಕೆಳಗಿನ ಗೆರೆ. ಅದೇ ಕೆಲಸಕ್ಕೆ ಸೀನಿಯರ್‌ಗಳಿಗೆ ಎಷ್ಟು ಸಿಕ್ಕಿದೆ ಎಂಬುದು ಮೇಲಿನ ಗೆರೆ. ಎರಡರ ನಡುವೆ ಒಂದು ವ್ಯಾಪ್ತಿ ಹೇಳಿ, ಆದರೆ ಆ ವ್ಯಾಪ್ತಿಯ ಕೆಳ ತುದಿ ನಿಮಗೆ ನಿಜವಾಗಿ ಸಾಕಾಗುವಂಥದ್ದಿರಲಿ. ಕಂಪನಿ ಅಲ್ಲಿಂದಲೇ ಶುರು ಮಾಡುತ್ತದೆ.

ಪ್ರಶ್ನೆ: ಮದುವೆಯ ನಂತರ ದುಬೈಯಲ್ಲಿ ಆರು ವರ್ಷ ಇದ್ದೆ, ಕೆಲಸ ಮಾಡಲಿಲ್ಲ. ಅದಕ್ಕೆ ಮುಂಚೆ ಎರಡು ವರ್ಷ ಅಕೌಂಟೆಂಟ್ ಆಗಿದ್ದೆ. ಈಗ ಊರಿಗೆ ಬಂದಿದ್ದೇವೆ. ಇಷ್ಟು ವರ್ಷ ಏನು ಮಾಡಿದಿರಿ ಎಂದರೆ ತಲೆ ತಗ್ಗಿಸುವಂತಾಗುತ್ತದೆ.
— ಉಪ್ಪಳದ ಓದುಗರು

ತಲೆ ತಗ್ಗಿಸುವಂಥದ್ದು ಅದರಲ್ಲಿ ಏನೂ ಇಲ್ಲ ಅಕ್ಕ. ‘ಮಕ್ಕಳು ಚಿಕ್ಕವರಿದ್ದರು, ಮನೆ ನೋಡಿಕೊಂಡೆ, ಈಗ ಶಾಲೆಗೆ ಹೋಗುತ್ತಾರೆ, ಪೂರ್ಣಾವಧಿ ಕೆಲಸ ಮಾಡಬಲ್ಲೆ.’ ಒಂದೇ ಉಸಿರಿನಲ್ಲಿ ಇಷ್ಟು ಹೇಳಿ ನಿಲ್ಲಿಸಿ. ಸಮಜಾಯಿಷಿ ಉದ್ದವಾದಷ್ಟೂ ಅನುಮಾನ ಹೆಚ್ಚು. ಅವರಿಗಿರುವ ನಿಜವಾದ ಸಂಶಯ ಬೇರೆ: ನಿಮ್ಮ ಕೆಲಸದ ತಿಳಿವಳಿಕೆ ಹಳತಾಗಿದೆಯೇ ಎಂಬುದು. ಅದಕ್ಕೆ ಉತ್ತರ ಬೇಕು.

ಮೂರು ವಾರ ಕೊಡಿ. ನೀವು ಬಿಟ್ಟಾಗ ಟ್ಯಾಲಿ ಇಆರ್‌ಪಿ 9 ಇದ್ದಿರಬೇಕು, ಈಗ ಟ್ಯಾಲಿ ಪ್ರೈಮ್. ಲೆಕ್ಕದ ತಳಹದಿ ಅದೇ, ಪರದೆ ಮಾತ್ರ ಬದಲಾಗಿದೆ. ಒಂದು ಕಾಲ್ಪನಿಕ ಅಂಗಡಿ ತೆರೆದು 50 ವೋಚರ್ ಹಾಕಿ ನೋಡಿ. ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರಗಳು ಹೋಗಿ ಹೆಚ್ಚಿನ ವಸ್ತುಗಳು 5 ಅಥವಾ 18ಕ್ಕೆ ಬಂದಿವೆ. ವಾರ್ಷಿಕ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್ ಕಡ್ಡಾಯ. ತಿಂಗಳ ರಿಟರ್ನ್ ಹಾಕುವವರಿಗೆ ಮಾರಾಟದ ವಿವರದ ಜಿಎಸ್‌ಟಿಆರ್-1 ಮರುತಿಂಗಳ 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ. ದುಬೈಯಲ್ಲಿ ಮನೆಯ ಬಿಲ್ಲಿನ ಮೇಲೆ ಶೇಕಡಾ 5ರ ವ್ಯಾಟ್ ನೋಡಿರುತ್ತೀರಿ, ಅದು ಅಲ್ಲಿ 2018ರಿಂದ ಇದೆ. ಎರಡರ ವ್ಯತ್ಯಾಸ ಹೇಳಬಲ್ಲಿರಾದರೆ ಆ ಆರು ವರ್ಷವೂ ನಿಮ್ಮ ಮಾತಿಗೆ ಒದಗುತ್ತದೆ. ರೆಸ್ಯೂಮೆಯಲ್ಲಿ ಆ ವರ್ಷಗಳನ್ನು ಮುಚ್ಚಿಡಬೇಡಿ, ‘ಕುಟುಂಬದ ಜವಾಬ್ದಾರಿ’ ಎಂದು ಒಂದು ಸಾಲು ಬರೆಯಿರಿ.

ಪ್ರಶ್ನೆ: ಬಿಎಸ್ಸಿ ಕೃಷಿ ಓದಿದ್ದೇನೆ. ಐಬಿಪಿಎಸ್ ಪಿಒ (ಬ್ಯಾಂಕ್ ಪ್ರೊಬೇಷನರಿ ಆಫೀಸರ್) ಸಂದರ್ಶನಕ್ಕೆ ಆಯ್ಕೆಯಾಗಿದ್ದೇನೆ. ‘ಕೃಷಿ ಓದಿ ಬ್ಯಾಂಕಿಗೆ ಏಕೆ?’ ಮತ್ತು ‘ನಿಮ್ಮ ಜಿಲ್ಲೆಯ ಬಗ್ಗೆ ಹೇಳಿ’ ಕೇಳುತ್ತಾರಂತೆ. ಗಡಿ ವಿವಾದ ಬಂದರೆ?
— ಅಕ್ಕಲಕೋಟೆಯ ಓದುಗರು

ಸಂದರ್ಶನಕ್ಕೆ 100 ಅಂಕ, ಸಾಮಾನ್ಯ ವರ್ಗಕ್ಕೆ ಕನಿಷ್ಠ 40; ಅಂತಿಮ ಪಟ್ಟಿಯಲ್ಲಿ ಮುಖ್ಯ ಪರೀಕ್ಷೆಗೂ ಸಂದರ್ಶನಕ್ಕೂ 80:20ರ ತೂಕ. ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ ಕಣಜದಲ್ಲಿದೆ. ನಿಮ್ಮ ಸೊಲ್ಲಾಪುರ ಜಿಲ್ಲೆಯೆಂದರೆ ಚಾದರ, ಭೀಮೆಯ ಉಜನಿ ಜಲಾಶಯ, ಮಂಗಳವೇಢೆಯ ಜೋಳ, ದಾಳಿಂಬೆ, ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ. ಇವನ್ನು ಪಟ್ಟಿಯಂತೆ ಒಪ್ಪಿಸದೆ ಬ್ಯಾಂಕಿಗೆ ತಂದು ಕಟ್ಟಿ. ದಾಳಿಂಬೆ ತೋಟಕ್ಕೆ ಹನಿ ನೀರಾವರಿ ಹಾಕುವ ರೈತನಿಗೆ ಎಷ್ಟು ಸಾಲ ಬೇಕು, ಮೊದಲ ಫಸಲು ಬರುವವರೆಗೆ ಕಂತಿಗೆ ಎಷ್ಟು ವಿರಾಮ ಕೊಡಬೇಕು, ರೋಗ ಬಂದರೆ ಏನಾಗುತ್ತದೆ. ಕೃಷಿ ಓದಿದ ಅಧಿಕಾರಿ ಇದನ್ನು ತೋಟದಲ್ಲಿ ನಿಂತು ಅಂದಾಜು ಮಾಡಬಲ್ಲ. ‘ಬ್ಯಾಂಕಿಗೆ ಏಕೆ’ ಎಂಬುದಕ್ಕೆ ಇದೇ ಉತ್ತರ. ಜೊತೆಗೆ ಆದ್ಯತಾ ವಲಯದ ಸಾಲದಲ್ಲಿ ಕೃಷಿಗೆ ಶೇಕಡಾ 18ರ ಗುರಿ, ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ ಸಕಾಲಕ್ಕೆ ಕಟ್ಟಿದರೆ 7ರ ಬಡ್ಡಿ 4ಕ್ಕೆ ಇಳಿಯುವುದು, 2025ರ ಜನವರಿಯಿಂದ ಅಡಮಾನವಿಲ್ಲದ ಕೃಷಿ ಸಾಲದ ಮಿತಿ 2 ಲಕ್ಷಕ್ಕೆ ಏರಿದ್ದು: ಇವು ನಾಲಗೆಯ ತುದಿಯಲ್ಲಿರಲಿ.

ಗಡಿಯ ಪ್ರಶ್ನೆ ಬಂದರೆ ಎರಡೇ ಮಾತು. ಕರ್ನಾಟಕ-ಮಹಾರಾಷ್ಟ್ರ ಗಡಿ ಪರಿಶೀಲಿಸಿದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ವಿಷಯ ನ್ಯಾಯಾಲಯದ ಮುಂದಿದೆ. ಅಲ್ಲಿಗೆ ನಿಲ್ಲಿಸಿ, ‘ನಾನು ಕನ್ನಡ, ಮರಾಠಿ ಎರಡರಲ್ಲೂ ಗ್ರಾಹಕರೊಡನೆ ಮಾತಾಡಬಲ್ಲೆ’ ಎಂದು ಕೆಲಸದ ಕಡೆಗೆ ತಿರುಗಿಸಿ. ನಿಮ್ಮ ಅಭಿಪ್ರಾಯ ಎಷ್ಟೇ ಗಟ್ಟಿಯಿದ್ದರೂ ಅದನ್ನು ಹೇಳುವ ಜಾಗ ಅದಲ್ಲ.

ಪ್ರಶ್ನೆ: ಜೂನ್‌ನಲ್ಲಿ ಆನ್‌ಲೈನ್ ಸಂದರ್ಶನ ಇದೆ. ನಮ್ಮಲ್ಲಿ ಮಳೆ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.
— ಪೈವಳಿಕೆಯ ಓದುಗರು

ಸಮಯ ಆರಿಸುವ ಅವಕಾಶ ಕೊಟ್ಟರೆ ಬೆಳಗಿನ ಹೊತ್ತು ಕೇಳಿ. ಮನೆಯ ಸಂಪರ್ಕದ ಜೊತೆಗೆ ಬೇರೆ ಕಂಪನಿಯ ಸಿಮ್ ಹಾಕಿದ ಇನ್ನೊಂದು ಫೋನು ಪೂರ್ತಿ ಚಾರ್ಜ್ ಮಾಡಿ ಪಕ್ಕದಲ್ಲಿಡಿ, ಅದರಲ್ಲೂ ಅದೇ ಆ್ಯಪ್ ಹಾಕಿ ಲಿಂಕ್ ಉಳಿಸಿರಿ. ಹಿಂದಿನ ದಿನ ಅದೇ ಸಮಯಕ್ಕೆ ಅದೇ ಮೂಲೆಯಲ್ಲಿ ಕುಳಿತು ಗೆಳೆಯರೊಬ್ಬರೊಡನೆ ಹತ್ತು ನಿಮಿಷ ವೀಡಿಯೊ ಕರೆ ಮಾಡಿ ನೋಡಿ. ಕಿಟಕಿ ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ, ಎದುರಿಗಿರಲಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಲು ನಾಲ್ಕು ಪುಸ್ತಕ ಸಾಕು. ತಗಡಿನ ಮಾಡಿನ ಕೆಳಗೆ ಮಳೆಯ ಸದ್ದಿಗೆ ಏನೂ ಕೇಳಿಸದು. ಹಂಚಿನ ಕೋಣೆ ಹಿಡಿಯಿರಿ, ಮೈಕ್ ಇರುವ ತಂತಿಯ ಇಯರ್‌ಫೋನ್ ಹಾಕಿ.

ಶುರುವಿನಲ್ಲೇ ‘ಇಲ್ಲಿ ಮಳೆ ಜೋರಾಗಿದೆ, ಸಂಪರ್ಕ ಕಡಿದರೆ ಎರಡು ನಿಮಿಷದಲ್ಲಿ ಮತ್ತೆ ಬರುತ್ತೇನೆ’ ಎಂದು ಹೇಳಿ, ನಿಮ್ಮ ಮೊಬೈಲ್ ನಂಬರ್ ಅವರ ಬಳಿ ಇದೆಯೇ ಎಂದು ಕೇಳಿ. ಕಡಿದು ಮತ್ತೆ ಸೇರಿದಾಗ ಕ್ಷಮೆ ಕೇಳುತ್ತ ಕೂರಬೇಡಿ. ಕಡಿಯುವ ಮೊದಲು ಹೇಳುತ್ತಿದ್ದ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಹೇಳಿ ಮುಂದುವರಿಸಿ. ಅದಕ್ಕಾಗಿ ಕೈಯ ಬಳಿ ಒಂದು ಹಾಳೆ ಇರಲಿ, ಅವರು ಕೇಳಿದ ಪ್ರಶ್ನೆಯ ಒಂದೊಂದು ಪದವನ್ನು ಅದರಲ್ಲಿ ಗೀಚಿಕೊಳ್ಳುತ್ತಿರಿ.